ಕ್ರೋಶಾ ಕಡ್ಡಿ ಹಿಡಿದು ರೈನ್‌ಬೆಕ್‌ನ ಉಣ್ಣೆ ಮೇಳಕ್ಕೆ: ನನ್ನ ಅನುಭವ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಹಡ್ಸನ್ ನದಿಗೆ ಹತ್ತಿರ, ರೈನ್‌ಬೆಕ್ ಅಂತ ಒಂದು ಸಣ್ಣ ಊರಿದೆ. ಪ್ರತಿ ವರ್ಷ ಅಕ್ಟೋಬರ್ ತಿಂಗಳ ಮೂರನೇ ವಾರಾಂತ್ಯ ಅಲ್ಲಿನ ಡಚೆಸ್ ಕೌಂಟಿ ಮೈದಾನದಲ್ಲಿ ಕುರಿ ಮತ್ತು ಉಣ್ಣೆಯ ದೊಡ್ಡ ಮೇಳ ನಡೆಯುತ್ತದೆ. ಪೂರ್ತಿ ಹೆಸರು ನ್ಯೂಯಾರ್ಕ್ ಸ್ಟೇಟ್ ಶೀಪ್ ಅಂಡ್ ವೂಲ್ ಫೆಸ್ಟಿವಲ್. ಹೆಣಿಗೆಯವರ ಬಾಯಲ್ಲಿ ಸುಮ್ನೆ ರೈನ್‌ಬೆಕ್.

ನಾನು ಎರಡು ಕಡ್ಡಿಯ ನಿಟಿಂಗ್ ಮಾಡುವವಳಲ್ಲ. ನನ್ನದು ಒಂದೇ ಕಡ್ಡಿ, ತುದಿಯಲ್ಲಿ ಕೊಕ್ಕೆ ಇರುವ ಕ್ರೋಶಾ ಕಡ್ಡಿ. ದಾವಣಗೆರೆಯಲ್ಲಿ ನನ್ನ ಚಿಕ್ಕಮ್ಮ ಸೀರೆಗೆ ಕುಚ್ಚು ಕಟ್ಟಿಕೊಡುತ್ತಿದ್ದರು. ಅವರ ಪಕ್ಕ ಕೂತು ಚೈನ್ ಹಾಕುವುದು, ಕಂಬ ಅನ್ನುವ ಎತ್ತರದ ಹೊಲಿಗೆ ಹಾಕುವುದು, ಮಣಿ ಪೋಣಿಸುವುದು ಕಲಿತೆ. ನ್ಯೂಜೆರ್ಸಿಗೆ ಬಂದ ಮೇಲೆ ರೇಷ್ಮೆ ದಾರದ ಜಾಗಕ್ಕೆ ಉಲ್ಲನ್ ಬಂತು. ಕುಚ್ಚಿನ ಜಾಗಕ್ಕೆ ಶಾಲು, ಟೋಪಿ, ಮಕ್ಕಳ ಹೊದಿಕೆ ಬಂದವು. ರೈನ್‌ಬೆಕ್ ವಿಷಯ ಗೊತ್ತಿತ್ತು. ಆದರೆ ಅಲ್ಲಿನ ಫೋಟೋಗಳಲ್ಲಿ ಕಂಡಿದ್ದೆಲ್ಲ ನಿಟಿಂಗ್ ಸ್ವೆಟರ್‌ಗಳೇ. ಅದು ನಮ್ಮಂಥವರ ಜಾಗ ಅಲ್ಲವೇನೋ ಅನ್ನಿಸಿ ಬಹಳ ಕಾಲ ಹೋಗಿರಲಿಲ್ಲ. ಹೋಗಿ ಬಂದ ಮೇಲೆ ಕ್ರೋಶಾ ಹಾಕುವ ಎಲ್ಲರಿಗೂ ಹೇಳುತ್ತಿದ್ದೇನೆ: ಒಂದು ಉಂಡೆಯನ್ನೂ ಕೊಳ್ಳದಿದ್ದರೆ ಪರವಾಗಿಲ್ಲ, ಉಣ್ಣೆಯನ್ನು ಕೈಯಲ್ಲಿ ಮುಟ್ಟಿ ನೋಡಲಿಕ್ಕಾದರೂ ಹೋಗಿ.

ನಾನು ರೈಲಿನಲ್ಲಿ ಹೋದೆ. ನ್ಯೂಯಾರ್ಕಿನ ಪೆನ್ ಸ್ಟೇಷನ್‌ನಿಂದ ಆಮ್‌ಟ್ರಾಕ್ ರೈಲು ಹತ್ತಿದರೆ ರೈನ್‌ಕ್ಲಿಫ್ ನಿಲ್ದಾಣಕ್ಕೆ ಎರಡು ಗಂಟೆಯೊಳಗೆ ತಲುಪಬಹುದು. ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ. ದಾರಿಯುದ್ದಕ್ಕೂ ನದಿ, ಆಚೆ ದಡದಲ್ಲಿ ಕೆಂಪು ಹಳದಿಗೆ ತಿರುಗಿದ ಮರಗಳು. ನಿಲ್ದಾಣದಿಂದ ಮೈದಾನ ಕೆಲವು ಮೈಲಿ ದೂರ. ಆ ದಿನ ಟ್ಯಾಕ್ಸಿಗೆ ಎಲ್ಲರೂ ಮುಗಿಬೀಳುತ್ತಾರೆ, ಮುಂಚೆಯೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು. ಮೇಳದ ಟಿಕೆಟ್ ಕೂಡ ಆನ್‌ಲೈನ್‌ನಲ್ಲೇ ತೆಗೆದುಕೊಂಡಿದ್ದೆ.

ಚೀಲಕ್ಕೆ ಏನೇನು ಹಾಕಿಕೊಂಡೆ ಅಂತ ಎಲ್ಲರೂ ಕೇಳುತ್ತಾರೆ. 4 ಮಿಲಿಮೀಟರ್‌ನ ಒಂದು ಕಡ್ಡಿ, ಸಣ್ಣ ಕತ್ತರಿ, ಹೊಲಿಗೆಗೆ ಸಿಕ್ಕಿಸುವ ಎರಡು ಮಾರ್ಕರ್, ಒಂದು ಉಂಡೆ, ಅಷ್ಟೆ. ಕೆಲಸಕ್ಕೆ ಗ್ರ್ಯಾನಿ ಸ್ಕ್ವೇರ್ ಇಟ್ಟುಕೊಂಡೆ. ಅಂಗೈಯಗಲದ ಚೌಕ, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಕ್ರೋಶಾದ ದೊಡ್ಡ ಅನುಕೂಲವೇ ಇದು. ನಿಟಿಂಗ್‌ನಲ್ಲಿ ಕಡ್ಡಿಯ ತುಂಬ ಹೊಲಿಗೆಗಳು ಬಾಯ್ತೆರೆದುಕೊಂಡಿರುತ್ತವೆ, ಜಾರಿದರೆ ಕಷ್ಟ. ನಮ್ಮದರಲ್ಲಿ ತೆರೆದಿರುವುದು ಒಂದೇ ಕುಣಿಕೆ. ಅದಕ್ಕೊಂದು ಮಾರ್ಕರ್ ಸಿಕ್ಕಿಸಿ ಚೀಲಕ್ಕೆ ತುರುಕಿದರೆ ಎಂಥ ನೂಕುನುಗ್ಗಲಲ್ಲೂ ಬಿಚ್ಚುವುದಿಲ್ಲ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಚೀಟಿ. ಮುಂದೆ ಮಾಡಬೇಕೆಂದಿರುವ ಕೆಲಸಗಳನ್ನು ಬರೆದು, ಒಂದೊಂದಕ್ಕೂ ಎಷ್ಟು ಮೀಟರ್ ದಾರ ಬೇಕು ಅಂತ ಪಕ್ಕದಲ್ಲಿ ಬರೆದಿದ್ದೆ. ಅಂಗಡಿಯವರು ಹೇಳುವ ಲೆಕ್ಕ ಹೆಚ್ಚಾಗಿ ನಿಟಿಂಗ್‌ನದು. ಅದೇ ಅಳತೆಯ ಬಟ್ಟೆಗೆ ಕ್ರೋಶಾದಲ್ಲಿ ಸುಮಾರು ಮೂರನೇ ಒಂದು ಪಾಲು ಜಾಸ್ತಿ ದಾರ ಹಿಡಿಯುತ್ತದೆ. ಇದು ಮನಸ್ಸಿನಲ್ಲಿ ಇಲ್ಲದಿದ್ದರೆ ಶಾಲು ಮುಗಿಯುವ ಮೊದಲೇ ದಾರ ಮುಗಿಯುತ್ತದೆ. ಕೈಯಲ್ಲಿ ಬಣ್ಣ ಹಾಕಿದ ದಾರವಾದರೆ ಆಮೇಲೆ ಅದೇ ಬಣ್ಣ ಸಿಗುವುದೂ ಇಲ್ಲ.

ಒಳಗೆ ಹೋದರೆ ಎಲ್ಲರ ಮೈಮೇಲೂ ಅವರವರೇ ಹೆಣೆದ ಬಟ್ಟೆ. ಈ ಮೇಳಕ್ಕೆ ಅಂತಲೇ ವರ್ಷವೆಲ್ಲ ಒಂದು ಸ್ವೆಟರ್ ಹೆಣೆಯುವವರಿದ್ದಾರೆ, ಅದಕ್ಕೆ ರೈನ್‌ಬೆಕ್ ಸ್ವೆಟರ್ ಅಂತಲೇ ಹೆಸರು. ಗುರುತಿಲ್ಲದವರು ನಿಲ್ಲಿಸಿ, ‘ಇದು ನೀವೇ ಹಾಕಿದ್ದಾ? ಯಾವ ಪ್ಯಾಟರ್ನ್? ಯಾವ ದಾರ?’ ಅಂತ ಕೇಳುತ್ತಾರೆ. ನಾನು ಮಾವಿನಕಾಯಿ ಬಣ್ಣದ ಕ್ರೋಶಾ ಶಾಲು ಹೊದ್ದಿದ್ದೆ. ಅಂಚಿಗೆ ಸೀರೆ ಕುಚ್ಚಿನ ಹಾಗೇ ಮಣಿ ಪೋಣಿಸಿ ಕುಚ್ಚು ಬಿಟ್ಟಿದ್ದೆ. ಗೇಟಿನಿಂದ ಮೊದಲ ಕಟ್ಟಡಕ್ಕೆ ಹೋಗುವಷ್ಟರಲ್ಲೇ ಜನ ಅಂಚನ್ನು ನೋಡಿ ಮಾತಾಡಿಸತೊಡಗಿದರು. ಹೊಸಬರಿಗೆ ಇದಕ್ಕಿಂತ ಸುಲಭದ ಪರಿಚಯ ಬೇರೆ ಇಲ್ಲ. ಸಣ್ಣದಾದರೂ ಸರಿ, ನೀವು ಮಾಡಿದ್ದನ್ನೇ ಹಾಕಿಕೊಂಡು ಹೋಗಿ.

ಈಗ ದಾರದ ವಿಷಯಕ್ಕೆ ಬರುತ್ತೇನೆ. ನಾನು ಹೋಗಿದ್ದೇ ಅದಕ್ಕೆ.

ಸಾಲುಸಾಲು ಮಳಿಗೆಗಳಲ್ಲಿ ಗೋಡೆ ತುಂಬ ಲಡಿಗಳು, ಅಂದರೆ ಉಂಡೆ ಮಾಡದೆ ಸುತ್ತಿಟ್ಟ ದಾರದ ಕಂತೆಗಳು. ನೇತುಹಾಕಿರುವ ಮಾದರಿಗಳು ನೂರಕ್ಕೆ ತೊಂಬತ್ತು ನಿಟಿಂಗ್. ಅದನ್ನು ನೋಡಿ ದಾರ ಆರಿಸಬೇಡಿ. ನಿಟಿಂಗ್‌ನಲ್ಲಿ ಮೃದುವಾಗಿ ಬೀಳುವ ದಾರ ಕ್ರೋಶಾದಲ್ಲಿ ಗಟ್ಟಿ ಹಲಗೆಯಾಗಬಹುದು, ಯಾಕೆಂದರೆ ನಮ್ಮ ಹೊಲಿಗೆ ದಪ್ಪ. ಶಾಲಿಗೆ ನಾನು ಆರಿಸುವುದು ಫಿಂಗರಿಂಗ್ ಅನ್ನುವ ತೆಳು ದಾರ. 100 ಗ್ರಾಂ ಲಡಿಯಲ್ಲಿ ಹೆಚ್ಚುಕಡಿಮೆ 365 ಮೀಟರ್ ಇರುತ್ತದೆ. ಅದಕ್ಕೆ ಸ್ವಲ್ಪ ದೊಡ್ಡ ಕಡ್ಡಿ ಹಾಕಿದರೆ ಬಟ್ಟೆ ಚೆನ್ನಾಗಿ ಇಳಿಬೀಳುತ್ತದೆ.

ಎರಡನೆಯದು ಹುರಿ. ಇದನ್ನು ಹೇಳಿಕೊಡುವವರು ಕಡಿಮೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಉಣ್ಣೆ ದಾರವನ್ನು ಎರಡು ಮೂರು ಎಳೆ ಸೇರಿಸಿ ಒಂದೇ ದಿಕ್ಕಿಗೆ ಹುರಿ ಮಾಡಿರುತ್ತಾರೆ. ಬಲಗೈಯಲ್ಲಿ ಕ್ರೋಶಾ ಹಾಕುವಾಗ ನಾವು ಕಡ್ಡಿಗೆ ದಾರ ಸುತ್ತುವ ರೀತಿ ಆ ಹುರಿಯನ್ನು ಚೂರುಚೂರೇ ಬಿಚ್ಚುತ್ತಾ ಹೋಗುತ್ತದೆ. ಅದಕ್ಕೇ ಕೆಲವು ದಾರ ಕೊಕ್ಕೆಗೆ ಸಿಕ್ಕಾಗ ಎಳೆ ಸೀಳಿಕೊಂಡು ಬರುತ್ತದೆ, ಕೈ ಬೇಸತ್ತು ಹೋಗುತ್ತದೆ. ಮಳಿಗೆಯಲ್ಲಿ ನಾನು ಮಾಡುವ ಪರೀಕ್ಷೆ ಇಷ್ಟು. ಅಂಗಡಿಯವರನ್ನು ಕೇಳಿ ಲಡಿಯ ದಾರವನ್ನು ಎರಡು ಬೆರಳಿನ ನಡುವೆ ಹಿಡಿದು, ಹುರಿಯ ವಿರುದ್ಧ ದಿಕ್ಕಿಗೆ ಒಂದೆರಡು ಸುತ್ತು ತಿರುಗಿಸಿ ಬಿಡುತ್ತೇನೆ. ತಕ್ಷಣ ಎಳೆಗಳು ಬೇರೆಯಾಗಿ ಹಾಗೇ ನಿಂತರೆ ಅದು ನನಗೆ ಬೇಡ. ಮತ್ತೆ ಕೂಡಿಕೊಂಡು ದುಂಡಗಾದರೆ ಸರಿ. ಮೂರು ಎಳೆಯ ಬಿಗಿ ಹುರಿ ಇದ್ದರೆ ಹೊಲಿಗೆ ಎದ್ದು ಕಾಣುತ್ತದೆ. ಒಂಟಿ ಎಳೆಯ ದಾರ ಬಣ್ಣದಲ್ಲಿ ಬಹಳ ಚೆಂದ, ಆದರೆ ಬೇಗ ಗಂಟುಗಂಟಾಗಿ ಜುಂಗೇಳುತ್ತದೆ. ಮೊಹೇರ್ ಅನ್ನುವ ಆಡಿನ ಕೂದಲ ದಾರ ನೋಡಿ ಮನಸೋತೆ, ಕೊಳ್ಳಲಿಲ್ಲ. ಕ್ರೋಶಾದಲ್ಲಿ ಬಿಚ್ಚಿ ಮತ್ತೆ ಹಾಕುವುದು ದಿನನಿತ್ಯದ ಕೆಲಸ. ಮೊಹೇರಿನ ನಯವಾದ ಕೂದಲು ಒಂದಕ್ಕೊಂದು ಸಿಕ್ಕಿಹಾಕಿಕೊಂಡರೆ ಬಿಚ್ಚಲಿಕ್ಕೆ ಬರುವುದಿಲ್ಲ.

ಕೈಯಲ್ಲಿ ಬಣ್ಣ ಹಾಕಿದ ಲಡಿಗಳ ಬೆಲೆ 30 ಡಾಲರ್ ಆಸುಪಾಸು. ಅವುಗಳಲ್ಲಿ ಬಹಳಷ್ಟು ಸೂಪರ್‌ವಾಶ್. ಅಂದರೆ ಉಣ್ಣೆಯ ಕೂದಲ ಮೇಲಿನ ಪೊರೆಗಳನ್ನು ರಾಸಾಯನಿಕದಿಂದ ಸವೆಸಿ, ಮೇಲೆ ತೆಳು ಲೇಪ ಕೊಟ್ಟಿರುತ್ತಾರೆ. ಮೆಷಿನ್‌ನಲ್ಲಿ ಒಗೆದರೂ ಕುಗ್ಗುವುದಿಲ್ಲ. ಬಣ್ಣವೂ ಚೆನ್ನಾಗಿ ಹತ್ತುತ್ತದೆ. ಆದರೆ ನೀರಲ್ಲಿ ನೆನೆದಾಗ ಜಗ್ಗುತ್ತದೆ. ಕ್ರೋಶಾ ಬಟ್ಟೆ ಮೊದಲೇ ತೂಕ, ಇನ್ನೂ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಮಕ್ಕಳ ಟೋಪಿಗೆ ಅದೇ ಸರಿ. ದೊಡ್ಡ ಶಾಲಿಗೆ ನಾನು ಆ ಸಂಸ್ಕರಣೆ ಇಲ್ಲದ, ಕುರಿ ಸಾಕಿದವರೇ ನೂಲಿಸಿ ತಂದ ಕಾರಿಡೇಲ್ ತಳಿಯ ದಾರ ತೆಗೆದುಕೊಂಡೆ. ಬಣ್ಣ ಹಾಕಿರಲಿಲ್ಲ, ಕುರಿಯದೇ ಬೂದು ಬಣ್ಣ. ಬೆಲೆಯೂ ಕಡಿಮೆ ಬಿತ್ತು. ಆ ಮಳಿಗೆಯ ಹೆಂಗಸು ಆ ಉಣ್ಣೆ ಕೊಟ್ಟ ಕುರಿಯ ಫೋಟೋ ತೋರಿಸಿದರು.

ಮಧ್ಯಾಹ್ನ ಕುರಿಗಳ ಕೊಟ್ಟಿಗೆಗೆ ಹೋದೆ. ಮಳಿಗೆಗಳ ಗಲಾಟೆಯಲ್ಲಿ ಇದನ್ನು ಬಿಟ್ಟುಬಿಡುವವರು ಜಾಸ್ತಿ, ನೀವು ಬಿಡಬೇಡಿ. ಉದ್ದ ಗುಂಗುರು ಜಡೆ ಬಿಟ್ಟ ಕಾಟ್ಸ್‌ವೋಲ್ಡ್, ನಾಲ್ಕು ಕೊಂಬಿನ ಜೇಕಬ್, ನೆಟ್ಟ ಕಿವಿಯ ಬಾರ್ಡರ್ ಲೆಸ್ಟರ್. ಸಾಕಿದವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಕೇಳಿದರೆ ಕುರಿಯ ಬೆನ್ನಿನ ಉಣ್ಣೆಯನ್ನು ಎರಡೂ ಕೈಯಿಂದ ಪುಸ್ತಕ ಬಿಡಿಸಿದ ಹಾಗೆ ಬಿಡಿಸಿ ತೋರಿಸುತ್ತಾರೆ. ಮೇಲೆ ಧೂಳು, ಹುಲ್ಲು, ಬಿಸಿಲಿಗೆ ಮಾಸಿದ ಬಣ್ಣ. ಒಳಗೆ ಬುಡದಲ್ಲಿ ಕೆನೆ ಬಣ್ಣ, ಸಣ್ಣ ಸಣ್ಣ ಅಲೆ, ಮುಟ್ಟಿದರೆ ಬೆರಳಿಗೆ ಜಿಡ್ಡು. ಆ ಜಿಡ್ಡೇ ಲ್ಯಾನೋಲಿನ್. ಮೆರಿನೋ ತಳಿಯ ಕುರಿಯ ಕೂದಲು ಸುಮಾರು 18ರಿಂದ 24 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪ, ರೋಮ್ನಿ ತಳಿಯದು 30 ದಾಟುತ್ತದೆ. 30 ದಾಟಿದ ಕೂದಲು ಜಾಸ್ತಿ ಇದ್ದರೆ ಕತ್ತಿಗೆ ಚುಚ್ಚುತ್ತದೆ. ಈ ಲೆಕ್ಕವನ್ನು ಮೊದಲೂ ಓದಿದ್ದೆ. ಎರಡು ಕುರಿಗಳ ಮೇಲೆ ಎರಡು ಕೈ ಇಟ್ಟಾಗ ಅದು ನನ್ನ ಬೆರಳಿಗೆ ಗೊತ್ತಾಯಿತು. ಈಗ ಲೇಬಲ್ ಓದಿದರೆ ದಾರ ಹೇಗಿರುತ್ತದೆ ಅಂತ ಮೊದಲೇ ಅಂದಾಜು ಸಿಗುತ್ತದೆ.

ಒರಟು ಉಣ್ಣೆಯ ಒಂದು ರಾಶಿಯನ್ನು ಮುಟ್ಟಿದಾಗ ನೆನಪಾದದ್ದು ನಮ್ಮ ಕಂಬಳಿ. ಚಳ್ಳಕೆರೆ ಕಡೆಯಿಂದ ತಂದ ಕರಿ ಕಂಬಳಿ ತಾತನ ಹೆಗಲ ಮೇಲೆ ಸದಾ ಇರುತ್ತಿತ್ತು. ಮಳೆಗೆ ಕೊಪ್ಪೆ, ರಾತ್ರಿಗೆ ಹೊದಿಕೆ, ಹೊಲದಲ್ಲಿ ಹಾಸಿಗೆ. ಅದು ಡೆಕ್ಕನಿ ಕುರಿಯ ಉಣ್ಣೆ. ಕುರುಬರ ಮನೆಗಳಲ್ಲಿ ನೂತು, ಮಗ್ಗದ ಹಾಸು ಎಳೆಗಳಿಗೆ ಹುಣಸೆ ಬೀಜದ ಗಂಜಿ ಕೊಟ್ಟು ನೇಯುತ್ತಾರೆ. ರೈನ್‌ಬೆಕ್‌ನಲ್ಲಿ ಒರಟು ಉಣ್ಣೆಗೂ ಒಂದು ಮೇಜು, ಒಂದು ಬೋರ್ಡು, ಅದನ್ನು ಕಂಬಳಿಗೋ ಜಮಖಾನಕ್ಕೋ ಚೀಲಕ್ಕೋ ಹೇಗೆ ಬಳಸಬಹುದು ಅಂತ ಹೇಳುವವರು ಇದ್ದರು. ನಮ್ಮಲ್ಲಿ ಕತ್ತರಿಸಿದ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಎಸೆಯುವ ಕುರಿಗಾಹಿಗಳಿದ್ದಾರೆ. ಇದು ನನಗೆ ನಿಜವಾಗಿ ಸಂಕಟ ಕೊಟ್ಟಿತು. ಆ ಉಣ್ಣೆ ಕತ್ತಿಗೆ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ದಪ್ಪ ಕಡ್ಡಿಯಲ್ಲಿ ಬುಟ್ಟಿ, ಚೀಲ, ಕಾಲೊರಸು ಹಾಕಲಿಕ್ಕೆ ಅಂಥ ಗಟ್ಟಿ ದಾರವೇ ಬೇಕು. ಇದು ಕ್ರೋಶಾದವರು ಕೈಹಾಕಬಹುದಾದ ಕೆಲಸ ಅಂತ ನನಗೆ ಬಲವಾಗಿ ಅನ್ನಿಸಿದೆ.

ಊಟದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕುರಿ ಮಾಂಸದ ಅಂಗಡಿಗಳೇ ಜಾಸ್ತಿ. ಸಸ್ಯಾಹಾರಿಗಳಿಗೆ ಕರಿದ ಆರ್ಟಿಚೋಕ್, ಬಿಸಿ ಸೈಡರ್ ಡೋನಟ್ ಸಿಗುತ್ತವೆ. ಕ್ಯೂ ಉದ್ದ. ನಾನು ಡಬ್ಬಿಯಲ್ಲಿ ಚಿತ್ರಾನ್ನ ಒಯ್ದಿದ್ದೆ.

ಡಬ್ಬಿ ಬಿಚ್ಚಿದ್ದು ಹುಲ್ಲಿನ ಮೇಲೆ. ಸುತ್ತ ಜನ ಗುಂಪುಗುಂಪಾಗಿ ಕೂತು ಹೆಣೆಯುತ್ತಿದ್ದರು. ಊಟ ಮುಗಿಸಿ ನಾನೂ ಚೌಕ ತೆಗೆದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ತಮ್ಮ ಚೀಲದಿಂದ ಕಡ್ಡಿ ಎತ್ತಿ ತೋರಿಸಿದರು. ಅವರದೂ ಕ್ರೋಶಾ! ಅವರು ಕಡ್ಡಿಯನ್ನು ಚಾಕು ಹಿಡಿದ ಹಾಗೆ ಮೇಲಿಂದ ಹಿಡಿಯುತ್ತಾರೆ, ನಾನು ಪೆನ್ಸಿಲ್ ಹಿಡಿದ ಹಾಗೆ. ಆಮೇಲೆ ಇನ್ನೂ ಇಬ್ಬರು ಬಂದು ಸೇರಿದರು. ಶಾಲಿನ ಅಂಚು ನೋಡಿ ಕುಚ್ಚು ಹೇಗೆ ಕಟ್ಟುವುದು ತೋರಿಸಿ ಅಂದರು. ಮಣಿಗಳು ನನ್ನ ಬಳಿ ಇರಲಿಲ್ಲ, ಒಬ್ಬರ ಚೀಲದಲ್ಲಿದ್ದವು. ಅಂಚಿಗೆ ಕಡ್ಡಿ ತೂರಿಸಿ ಲಾಕ್ ಮಾಡಿದೆ. ಐದು ಚೈನ್ ಹಾಕಿದೆ. ಮಣಿಯನ್ನು ಮೇಲೆ ತಂದು ಹಿಂದಿನಿಂದ ಚೈನ್ ಬಿಗಿದೆ. ಕಮಾನಿನ ಒಳಗೆ ಕಂಬಗಳನ್ನು ತುಂಬಿದೆ. ಕೊನೆಗೆ ಎಳೆಗಳನ್ನು ಮಡಚಿ, ಕತ್ತು ಸುತ್ತಿ, ಕೆಳಗೆ ಸಮ ಮಾಡಿ ಕತ್ತರಿಸಿದೆ. ಅವರಲ್ಲಿ ಒಬ್ಬರು ಪೂರ್ತಿ ವಿಡಿಯೋ ಮಾಡಿಕೊಂಡರು. ಸೀರೆಗೆ ಇದನ್ನು ಇದರ ಕಾಲು ಭಾಗ ದಪ್ಪದ ರೇಷ್ಮೆ ದಾರದಲ್ಲಿ, ಸೂಜಿಯಷ್ಟು ಸಣ್ಣ ಕಡ್ಡಿಯಲ್ಲಿ ಹಾಕುತ್ತಾರೆ ಅಂದಾಗ ಆ ಅಜ್ಜಿ ನನ್ನ ಕೈ ಹಿಡಿದುಕೊಂಡರು.

ಇಂಡಿಯಾದಲ್ಲಿ ಕ್ರೋಶಾ ಜಾಸ್ತಿ ಇದೆಯಾ ಅಂತ ಕೇಳಿದರು. 2016ರ ಜನವರಿಯಲ್ಲಿ ಚೆನ್ನೈನಲ್ಲಿ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಅನ್ನುವ ಬಳಗದವರು ತಮ್ಮ ತಮ್ಮ ಮನೆಗಳಲ್ಲಿ ಹಾಕಿದ ತುಂಡುಗಳನ್ನು ಕೂಡಿಸಿ 11,148.5 ಚದರ ಮೀಟರ್‌ನ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಮಾಡಿದ್ದನ್ನು ಹೇಳಿದೆ. ಎಲ್ಲವೂ ಕೈಯಿಂದಲೇ. ನಾವು ಹಾಕುವಂಥ ಕ್ರೋಶಾ ಹೊಲಿಗೆಯನ್ನು ಹಾಕಿಕೊಡುವ ಯಂತ್ರ ಅಂಗಡಿಗಳಲ್ಲಿ ಇವತ್ತಿಗೂ ಇಲ್ಲ. ಎಲ್ಲೇ ಒಂದು ನಿಜವಾದ ಕ್ರೋಶಾ ಬಟ್ಟೆ ಕಂಡರೂ ಅದರ ಹಿಂದೆ ಒಬ್ಬರ ಕೈ ಇದೆ ಅಂತಲೇ ಅರ್ಥ. ಹತ್ತಾರು ಡಾಲರಿಗೆ ಸಿಗುವ ಕ್ರೋಶಾ ಟಾಪ್ ಕೊಳ್ಳುವಾಗ ಇದನ್ನು ಯೋಚಿಸಬೇಕು ಅಲ್ವಾ?

ಮನೆಗೆ ಬಂದು ಲಡಿಯನ್ನು ಎರಡು ಕುರ್ಚಿಗಳ ಬೆನ್ನಿಗೆ ಹಾಕಿ ಉಂಡೆ ಸುತ್ತಿದೆ. ಲಡಿಯಿಂದಲೇ ನೇರ ಹೆಣೆಯಲು ಹೋಗಬೇಡಿ, ಸಿಕ್ಕಾಗುತ್ತದೆ. ಅಂಗೈಯಗಲದ ತುಂಡು ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ಚಪ್ಪಟೆ ಒಣಗಿಸಿ ಅಳೆದೆ. ಕಾರಿಡೇಲ್ ನೆನೆದ ಮೇಲೆ ಉಬ್ಬಿಕೊಂಡು ಹೊಲಿಗೆಗಳ ನಡುವಿನ ಜಾಗ ತುಂಬಿತು. ಹಾಗಾಗಿ ಕಡ್ಡಿಯನ್ನು 4ರಿಂದ 5 ಮಿಲಿಮೀಟರ್‌ಗೆ ಏರಿಸಿದೆ. ಶಾಲು ಈಗ ಮುಕ್ಕಾಲು ಆಗಿದೆ.

ಹೋಗುವ ಮನಸ್ಸಿದ್ದರೆ ಭಾನುವಾರ ಆರಿಸಿ. ಶನಿವಾರ ಬೆಳಗ್ಗೆ ಕೆಲವು ಮಳಿಗೆಗಳ ಮುಂದೆ ನಿಲ್ಲಲೂ ಜಾಗ ಇರುವುದಿಲ್ಲ. ಊರಲ್ಲೇ ಉಳಿಯುವುದಾದರೆ ರೂಮು ಬಹಳ ಮುಂಚೆ ಹಿಡಿಯಬೇಕು. ವಾಷಿಂಗ್ಟನ್, ಬಾಲ್ಟಿಮೋರ್ ಕಡೆಯವರಿಗೆ ಮೇ ತಿಂಗಳ ಮೊದಲ ವಾರಾಂತ್ಯದ ಮೇರಿಲ್ಯಾಂಡ್ ಮೇಳ ಹತ್ತಿರ. ಅಲ್ಲೂ ಕುರಿಗಳಿವೆ, ಉಣ್ಣೆಯಿದೆ. ನಾನು ಮತ್ತೆ ರೈನ್‌ಬೆಕ್‌ಗೇ ಹೋಗುತ್ತೇನೆ. ಚಿಕ್ಕಮ್ಮನಿಗೆ ಹೇಳಿ ಊರಿಂದ ಒಂದು ಚೀಲ ಡೆಕ್ಕನಿ ನೂಲು ತರಿಸುತ್ತಿದ್ದೇನೆ. ಅದರಲ್ಲಿ ಒಂದು ಬುಟ್ಟಿ ಹಾಕಿ, ಒರಟು ಉಣ್ಣೆಯ ಮೇಜಿನವರಿಗೆ ತೋರಿಸಬೇಕು.