ಮನೆ ಸೇರುವ ಮೊದಲೇ ಮುಗಿಸಿ: ಆಫೀಸಿಗೆ ಹೋಗಿಬರುವವರ ವ್ಯಾಯಾಮ

ಜನವರಿ ಮೊದಲ ವಾರ ಯಾವ ಬಡಾವಣೆಯ ಜಿಮ್‌ಗೆ ಬೇಕಾದರೂ ಹೋಗಿ ನೋಡಿ, ಕಾಲಿಡಲು ಜಾಗವಿರುವುದಿಲ್ಲ. ಶಿವರಾತ್ರಿಗೆ ಚಳಿ ಹೋಗುವ ಹೊತ್ತಿಗೆ ಆ ಜನವೂ ಹೋಗಿರುತ್ತಾರೆ. ಅವರೆಲ್ಲ ಸೋಮಾರಿಗಳೇನಲ್ಲ. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು, ಸಿಲ್ಕ್ ಬೋರ್ಡ್ ದಾಟಿ, ದಿನವಿಡೀ ಕೂತು ದುಡಿದು, ರಾತ್ರಿ ಎಂಟಕ್ಕೆ ಬಾಗಿಲು ತಟ್ಟುವವರನ್ನು ಸೋಮಾರಿ ಎನ್ನಲು ಬಾಯಿ ಬರುವುದಿಲ್ಲ. ಅವರು ಎಡವುವುದು ಒಂದೇ ಕಡೆ. ‘ಆಫೀಸು ಮುಗಿಸಿ, ಮನೆಗೆ ಹೋಗಿ, ಒಂದು ಲೋಟ ಕಾಫಿ ಕುಡಿದು, ಆಮೇಲೆ ಹೊರಟರಾಯಿತು’ ಎಂದುಕೊಳ್ಳುತ್ತಾರಲ್ಲ, ಅಲ್ಲಿ.

ಆ ‘ಆಮೇಲೆ’ ಬರುವುದೇ ಇಲ್ಲ. ಒಳಗೆ ಕಾಲಿಟ್ಟ ಕೂಡಲೇ ಮಗುವಿನ ಹೋಂವರ್ಕ್, ಖಾಲಿಯಾದ ಗ್ಯಾಸ್ ಸಿಲಿಂಡರ್, ಊರಿನಿಂದ ಬಂದು ಕೂತಿರುವ ಚಿಕ್ಕಪ್ಪ. ಇವುಗಳನ್ನೆಲ್ಲ ಬಿಟ್ಟು ಶೂ ಕಟ್ಟಿಕೊಂಡು ಹೊರಡುವ ಧೈರ್ಯ ಬಹಳ ಮಂದಿಗೆ ಇರುವುದಿಲ್ಲ, ಇರಬೇಕೆಂದೂ ನಾನು ಹೇಳುವುದಿಲ್ಲ. ಹಾಗಾಗಿ ಕೆಳಗಿನ ಕ್ರಮವೆಲ್ಲ ಒಂದೇ ನಿಯಮದ ಮೇಲೆ ನಿಂತಿದೆ: ಸಂಜೆ ಮನೆಯೊಳಗೆ ಚಪ್ಪಲಿ ಬಿಡುವ ಮೊದಲು ಆ ದಿನದ ವ್ಯಾಯಾಮ ಮುಗಿದಿರಬೇಕು.

ಹಂತ 1: ಎಷ್ಟು ಬೇಕೆಂದು ತಿಳಿದುಕೊಳ್ಳಿ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಬೇಕು. ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು. ‘ಮಧ್ಯಮ’ ಎಂದರೆ ನಡೆಯುತ್ತಾ ಮಾತಾಡಬಹುದು, ಆದರೆ ಹಾಡಲು ಉಸಿರು ಸಾಲದು. ಅದಕ್ಕೂ ಮುಂಚೆ, ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂಬ ನಿಯಮವಿತ್ತು. 2020ರಲ್ಲಿ ಅದನ್ನು ಕೈಬಿಟ್ಟರು. ಬಸ್ಸಿಗೂ ಮೆಟ್ರೊಗೂ ನಡುವೆ ಓಡಾಡುವವರಿಗೆ ಇದು ದೊಡ್ಡ ಅನುಕೂಲ.

ದಿನಕ್ಕೆ 10,000 ಹೆಜ್ಜೆ ಎಂಬುದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಅದು 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುವಾಗ ಹುಟ್ಟಿದ ಸಂಖ್ಯೆ. ಇನ್ನು ಫುಟ್‌ಪಾತ್ ಮೇಲೆ ಸಿಗುವ ಅಗ್ಗದ ವಾಚುಗಳು, ಗುಂಡಿ ಬಿದ್ದ ರಸ್ತೆಯಲ್ಲಿ ಬೈಕ್ ಓಡಿಸಿದರೂ ಹೆಜ್ಜೆ ಎಣಿಸಿ ಶಹಬ್ಬಾಸ್ ಎನ್ನುತ್ತವೆ. ಕೈಯಲ್ಲಿರುವ ಮಾಮೂಲಿ ಗಡಿಯಾರ ಸಾಕು.

ಹಂತ 2: ಹೊತ್ತು ಗೊತ್ತು ಮಾಡುವುದು

ಎಲ್ಲರೂ ಅವಸರದಲ್ಲಿ ದಾಟಿಬಿಡುವ ಹಂತ ಇದೇ. ಯಾವ ವ್ಯಾಯಾಮ, ಯಾವ ಜಿಮ್, ಯಾವ ಶೂ ಎಂದು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ದಿನದಲ್ಲಿ ಅದಕ್ಕೆ ಜಾಗ ಎಲ್ಲಿ ಎಂದು ಒಂದು ಸಂಜೆ ಕೂತು ನೋಡುವುದಿಲ್ಲ.

ಒಂದು ಹಾಳೆ ತೆಗೆದುಕೊಂಡು ಒಂದು ಮಾಮೂಲಿ ಬುಧವಾರದ ದಿನಚರಿ ಬರೆಯಿರಿ. ಹೇಗಿರಬೇಕು ಎಂದಲ್ಲ, ಹೇಗಿದೆ ಎಂದು. ಎದ್ದದ್ದು, ಬಾಗಿಲು ದಾಟಿದ್ದು, ಬಸ್ ಹತ್ತಿದ್ದು, ಆಫೀಸಿನಲ್ಲಿ ಬೆರಳೊತ್ತಿದ್ದು, ಹೊರಟದ್ದು, ಇಳಿದದ್ದು, ಚಪ್ಪಲಿ ಬಿಟ್ಟದ್ದು. ಈ ಪಟ್ಟಿಯಲ್ಲಿ ವ್ಯಾಯಾಮ ನುಸುಳಬಹುದಾದ ಸಂದು ಮೂರೇ.

ಮೊದಲನೆಯದು ಮನೆ ಬಿಡುವ ಮೊದಲು. ಲಾಲ್‌ಬಾಗಿನಲ್ಲಿ ಬೆಳಗ್ಗೆ ಕಾಣುವ ಜನ ಈ ಪಂಗಡದವರು. ರಾತ್ರಿ ಹತ್ತಕ್ಕೆ ದೀಪ ಆರಿಸಬಲ್ಲವರಿಗೆ ಇದರಷ್ಟು ಒಳ್ಳೆಯದು ಬೇರಿಲ್ಲ. ಯಾರೂ ಫೋನ್ ಮಾಡುವುದಿಲ್ಲ, ಮೀಟಿಂಗ್ ಬೀಳುವುದಿಲ್ಲ. ಆದರೆ ಹನ್ನೆರಡರವರೆಗೆ ಎಚ್ಚರವಿದ್ದು ಐದಕ್ಕೆ ಅಲಾರಂ ಇಡುವವರು ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುವವರಂತೆ. ದೊಡ್ಡವರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ಕೆಲಸಕ್ಕೆ ಹೋಗುವ ಹೆಂಗಸರಿಗೆ ‘ಬೆಳಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೋಗಮ್ಮಾ’ ಎಂದು ಬುದ್ಧಿ ಹೇಳುವವರು ಆ ಮನೆಯ ನಾಲ್ಕು ಊಟದ ಡಬ್ಬಿಗಳನ್ನು ಯಾರು ಕಟ್ಟುತ್ತಾರೆ ಎಂದು ಹೇಳುವುದಿಲ್ಲ. ಮನೆಯ ಮತ್ತೊಬ್ಬರು ಒಲೆಯ ಮುಂದೆ ನಿಲ್ಲುವುದಾದರೆ ಮಾತ್ರ ಈ ಹೊತ್ತನ್ನು ಆರಿಸಿಕೊಳ್ಳಿ.

ಎರಡನೆಯದು ಆಫೀಸಿನ ಆ ತುದಿಯಲ್ಲಿ. ನನ್ನ ಮತ ಇದಕ್ಕೇ. ಬೆಂಗಳೂರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಯಾವ ಹೊತ್ತಿಗೆ ಹೊರಟಿರಿ ಎಂಬುದರಲ್ಲಿ ಅಳೆಯುತ್ತೇವೆ. ಒಂಬತ್ತು ಗಂಟೆಗೆ ತೆವಳುವ ಹೊರವರ್ತುಲ ರಸ್ತೆ ಬೆಳಗ್ಗೆ ಆರೂವರೆಗೆ ಬೇರೆಯೇ ರಸ್ತೆ. ಆಗಲೇ ಹೊರಟು, ಆಫೀಸಿನ ಹತ್ತಿರದ ಪಾರ್ಕಿನಲ್ಲೋ ಜಿಮ್‌ನಲ್ಲೋ ಮುಕ್ಕಾಲು ಗಂಟೆ ಕಳೆದು, ಸ್ನಾನ, ತಿಂಡಿ ಮುಗಿಸಿ ಕೆಲಸಕ್ಕೆ ಕೂತರೆ, ಟ್ರಾಫಿಕ್ಕಿಗೆ ಸುರಿಯುತ್ತಿದ್ದ ಹೊತ್ತೇ ವ್ಯಾಯಾಮದ ಹೊತ್ತಾಗುತ್ತದೆ. ಹೊಸದಾಗಿ ಒಂದು ಗಂಟೆ ಎಲ್ಲಿಂದಲೂ ತರಬೇಕಾಗಿಲ್ಲ.

ತೊಡಕು ಸ್ನಾನದ್ದು. ಕೆಲವು ಟೆಕ್ ಪಾರ್ಕ್‌ಗಳಲ್ಲಿ ಸೈಕಲ್‌ನಲ್ಲಿ ಬರುವವರಿಗೆಂದು ಕಟ್ಟಿದ ಸ್ನಾನದ ಕೋಣೆ ನೆಲಮಾಳಿಗೆಯಲ್ಲಿ ಬೀಗ ಹಾಕಿಕೊಂಡಿರುತ್ತದೆ. ಎಚ್‌ಆರ್‌ಗೆ ಮೇಲ್ ಕಳಿಸಿ ಕಾಯಬೇಡಿ. ಹೌಸ್‌ಕೀಪಿಂಗ್ ಮೇಲ್ವಿಚಾರಕರನ್ನು ‘ಅಣ್ಣಾ, ಇಲ್ಲಿ ಸ್ನಾನಕ್ಕೆ ಎಲ್ಲಾದ್ರೂ ಜಾಗ ಇದೆಯಾ?’ ಎಂದು ಕೇಳಿ. ಕೀಲಿ ಯಾರ ಹತ್ತಿರ ಇದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಜಾಗವೇ ಇಲ್ಲವೆಂದಾದರೆ ಇದೇ ಉಪಾಯವನ್ನು ಸಂಜೆಗೆ ತಿರುಗಿಸಿ: ಆರು ಗಂಟೆಗೆ ಎಲ್ಲರ ಜೊತೆ ರಸ್ತೆಗೆ ಬೀಳುವ ಬದಲು ಅಲ್ಲೇ ವ್ಯಾಯಾಮ ಮುಗಿಸಿ ಏಳೂಕಾಲಿಗೆ ಹೊರಡಿ. ಮನೆ ತಲುಪುವುದು ನೀವು ಹೆದರಿದಷ್ಟು ತಡವಾಗುವುದಿಲ್ಲ.

ಆದರೆ ಮನೆಯವರಿಗೆ ಮೊದಲೇ ಹೇಳಿಡಿ. ‘ರೀ, ಎಲ್ಲಿದ್ದೀರಾ?’ ಎಂದು ಫೋನ್ ಬಂದಾಗ ‘ಇಲ್ಲೇ, ಹೊರಟೆ’ ಎಂದು ಬಸ್ಕಿ ಹೊಡೆಯುತ್ತಾ ಸುಳ್ಳು ಹೇಳುವವರ ವ್ಯಾಯಾಮ ಬಹಳ ದಿನ ನಡೆಯುವುದಿಲ್ಲ. ‘ಮಂಗಳವಾರ, ಬುಧವಾರ, ಗುರುವಾರ ನಾನು ಬರೋದು ಎಂಟೂವರೆಗೆ’ ಎಂದು ಒಮ್ಮೆ ಹೇಳಿಬಿಡಿ. ‘ಉಳಿದ ದಿನ ಮಗುವಿನ ಪಾಠ ನನ್ನದು’ ಎಂದೂ ಸೇರಿಸಿ, ಚೌಕಾಸಿ ಸಲೀಸಾಗುತ್ತದೆ.

ಮೂರನೆಯದು ಇಳಿಯುವ ನಿಲ್ದಾಣಕ್ಕೂ ಮನೆಗೂ ನಡುವೆ. ಮೆಟ್ರೊದಲ್ಲಿ ಓಡಾಡುವವರಿಗೆ ಇದು ಅತಿ ಸುಲಭ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ 43.49 ಕಿ.ಮೀ., ಅದರಲ್ಲಿ 37 ನಿಲ್ದಾಣ. ಅಂದರೆ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಸರಾಸರಿ 1.2 ಕಿ.ಮೀ. ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದರೆ ಹದಿನಾಲ್ಕು–ಹದಿನೈದು ನಿಮಿಷ. ಹೋಗುವಾಗ ಒಂದು ನಿಲ್ದಾಣ, ಬರುವಾಗ ಒಂದು ನಿಲ್ದಾಣ ಮೊದಲೇ ಇಳಿದು ನಡೆದರೆ ಐದು ದಿನಕ್ಕೆ 140 ನಿಮಿಷ ದಾಟುತ್ತದೆ. ಮೇಲೆ ಹೇಳಿದ 150ಕ್ಕೆ ಇನ್ನೇನು ಉಳಿಯಿತು?

ಎಲ್ಲಿ ಇಳಿಯಬೇಕು ಎಂಬುದನ್ನು ಮಾತ್ರ ಭಾನುವಾರ ಒಮ್ಮೆ ನಡೆದು ನೋಡಿಯೇ ನಿರ್ಧರಿಸಿ. ಎಂ.ಜಿ. ರಸ್ತೆ ಕಡೆಯಿಂದ ಬರುವ ವಿಧಾನಸೌಧ, ಎಂ.ಎಸ್. ಬಿಲ್ಡಿಂಗ್ ನೌಕರರು ಕಬ್ಬನ್ ಪಾರ್ಕ್ ನಿಲ್ದಾಣದಲ್ಲೇ ಇಳಿದು ಮರಗಳ ಕೆಳಗೆ ನಡೆದು ಹೋಗಬಹುದು. ಅಂಥ ಪುಣ್ಯ ಎಲ್ಲರಿಗೂ ಇಲ್ಲ. ಬೆನ್ನಿಗಾನಹಳ್ಳಿಯಲ್ಲಿ ಇಳಿದು ಕೆ.ಆರ್. ಪುರಕ್ಕೆ ನಡೆಯುತ್ತೇನೆ ಎನ್ನುವವರಿಗೆ ನನ್ನ ಸಲಹೆ, ಬೇಡ. ಟಿನ್ ಫ್ಯಾಕ್ಟರಿಯ ಹೊಗೆ ಕುಡಿದು ಬರುವ ಆರೋಗ್ಯ ಯಾರಿಗೂ ಬೇಡ. ಮುಖ್ಯರಸ್ತೆಗೆ ಸಮಾನಾಂತರವಾಗಿ ಒಳಗೆ ಒಂದು ಕ್ರಾಸ್ ಇದ್ದೇ ಇರುತ್ತದೆ, ಅದನ್ನು ಹುಡುಕಿ. ರಾತ್ರಿ ಪಾಳಿಯ ಕ್ಯಾಬ್‌ನಲ್ಲಿ ಬರುವ ಹೆಣ್ಣುಮಕ್ಕಳು ಈ ಲೆಕ್ಕಕ್ಕೆ ಬೀಳದೆ ಮನೆ ಬಾಗಿಲಲ್ಲೇ ಇಳಿಯಿರಿ. ನಡಿಗೆಯನ್ನು ಹಗಲಿಗೆ ಇಟ್ಟುಕೊಳ್ಳಿ.

ಬೈಕ್ ಸವಾರರು ದಾರಿಯಲ್ಲಿ, ಮನೆಗೆ ಹತ್ತಿರದ ಪಾರ್ಕಿನ ಮುಂದೆ ಗಾಡಿ ನಿಲ್ಲಿಸಿ. ಕಾಲಲ್ಲಿ ಶೂ ಇದ್ದೇ ಇದೆ, ಹೆಲ್ಮೆಟ್ಟಿಗೆ ಒಂದು ಬೀಗ ಸಾಕು.

ತುಮಕೂರು, ಮಂಡ್ಯ, ರಾಮನಗರಗಳಿಂದ ರೈಲಿನ ಪಾಸ್ ಇಟ್ಟುಕೊಂಡು ದಿನವೂ ಬಂದುಹೋಗುವವರಿಗೆ ಈ ಮೂರು ಸಂದುಗಳಲ್ಲಿ ಒಂದೂ ಒಗ್ಗದಿರಬಹುದು. ರೈಲು ನಿಮಗಾಗಿ ನಿಲ್ಲುವುದಿಲ್ಲ. ಅವರಿಗೆ ಮಧ್ಯಾಹ್ನವೇ ಗತಿ: ಊಟಕ್ಕೆ ಮೊದಲು ಇಪ್ಪತ್ತು ನಿಮಿಷ ನಡಿಗೆ, ಆಮೇಲೆ ಡಬ್ಬಿ. ಊಟ ಮಾಡಿ ನಡೆಯುತ್ತೇನೆ ಎಂದರೆ ಹರಟೆಯ ಕಟ್ಟೆಯಿಂದ ಏಳಲಾಗುವುದಿಲ್ಲ. ‘ನಾನು ದಿನಾ ನಿಂತೇ ಬರ್ತೀನಿ ಸಾರ್, ಅದೇ ಎಕ್ಸರ್‌ಸೈಸು’ ಎನ್ನುವವರಿದ್ದಾರೆ. ನಿಲ್ಲುವುದು ದಣಿವು, ವ್ಯಾಯಾಮವಲ್ಲ.

ಮೂರರಲ್ಲಿ ಒಂದನ್ನು ಆರಿಸಿ. ‘ಬೆಳಗ್ಗೆ ಆಗದಿದ್ದರೆ ಸಂಜೆ’ ಎಂದು ಎರಡನ್ನು ಇಟ್ಟುಕೊಂಡರೆ ಬೆಳಗ್ಗೆ ಸಂಜೆಯ ನೆಪ, ಸಂಜೆ ನಾಳೆ ಬೆಳಗಿನ ನೆಪ.

ಹಂತ 3: ದಿನಗಳು

ಮಂಗಳ, ಬುಧ, ಗುರು, ಜೊತೆಗೆ ಶನಿವಾರ ಅಥವಾ ಭಾನುವಾರ. ಶುಕ್ರವಾರ ಸಂಜೆ ಅರ್ಧ ನಗರ ಊರಿನ ಬಸ್ ಹಿಡಿಯಲು ಮೆಜೆಸ್ಟಿಕ್ ಕಡೆ ಹೊರಟಿರುತ್ತದೆ, ಸೋಮವಾರ ಬೆಳಗ್ಗೆ ಅದೇ ಜನ ವಾಪಸು. ಆ ಎರಡು ದಿನ ಕೈಬಿಡಿ.

ಮೆಟ್ರೊ ನಡಿಗೆಗೆ ಈ ನಿಯಮ ಬೇಡ, ಅದು ಐದೂ ದಿನ ನಡೆಯುತ್ತದೆ. ವಾರದ ಕೋಟಾವನ್ನು ಒಂದೆರಡು ದಿನಕ್ಕೆ ತುರುಕಿದರೂ ಲಾಭವಿದೆ ಎಂದು ಅಧ್ಯಯನಗಳು ಹೇಳುತ್ತವೆ, ನಿಜ. ಆದರೂ ವಾರವಿಡೀ ಕೂತು ಭಾನುವಾರ ನಂದಿ ಬೆಟ್ಟ ಹತ್ತಿ ಸೋಮವಾರ ಮಂಡಿ ಹಿಡಿದುಕೊಂಡು ಬರುವವರನ್ನು ನೋಡಿ ನೋಡಿ, ನಾನು ಅದನ್ನು ಶಿಫಾರಸು ಮಾಡಲಾರೆ.

ಹಂತ 4: ಚೀಲ

ಹಿಂದಿನ ರಾತ್ರಿಯೇ ತುಂಬಿ, ಬಾಗಿಲ ಹತ್ತಿರ ಅಥವಾ ಸ್ಕೂಟರಿನ ಡಿಕ್ಕಿಯಲ್ಲಿ ಇಡಿ. ಟವೆಲ್ ಟರ್ಕಿಯದ್ದು ಬೇಡ, ಅದು ಒಣಗುವ ಮೊದಲು ನಾರುತ್ತದೆ. ಮನೆಯಲ್ಲಿರುವ ತೆಳ್ಳನೆಯ ಬೈರಾಸವೇ ಸರಿ. ಒದ್ದೆ ಬಟ್ಟೆಗೆ ಬೇರೆ ಕವರ್, ಒಳಉಡುಪು ಇನ್ನೊಂದು ಜೊತೆ. ಇದನ್ನು ಮರೆತವರು ಮಾರನೆಯ ವಾರದಿಂದ ಬರುವುದಿಲ್ಲ. ಶೂ ಆಫೀಸಿನಲ್ಲೇ ಮೇಜಿನ ಕೆಳಗಿರಲಿ.

ಹಂತ 5: ಏನು ಮಾಡುವುದು

ಸುಲಭದ ಭಾಗ ಇದು. ಬಿರುಸಾಗಿ ನಡೆಯಿರಿ. ವಾರಕ್ಕೆ ಎರಡು ದಿನ ಗರಡಿ ಮನೆಯ ಪೈಲ್ವಾನರು ಮಾಡುವುದನ್ನೇ ಚಿಕ್ಕ ಪ್ರಮಾಣದಲ್ಲಿ ಮಾಡಿ: ಬಸ್ಕಿ ಹತ್ತು, ದಂಡ ಐದು, ಹೀಗೆ ಮೂರು ಸುತ್ತು. ನೆಲದ ಮೇಲೆ ದಂಡ ಬಾರದವರು ಕಲ್ಲುಬೆಂಚಿಗೆ ಕೈಯೂರಿ ತೆಗೆಯಿರಿ. ಮೊದಲ ಎರಡು ವಾರ ‘ಇನ್ನೂ ಮಾಡಬಹುದಿತ್ತು’ ಎನಿಸುವಾಗಲೇ ನಿಲ್ಲಿಸಿ. ಮೊದಲ ದಿನವೇ ಐವತ್ತು ಬಸ್ಕಿ ಹೊಡೆದು ಮರುದಿನ ಮೆಟ್ರೊ ಮೆಟ್ಟಿಲು ಇಳಿಯಲಾಗದೆ ಕಂಬಿ ಹಿಡಿದು ನಿಲ್ಲುವವರು ಎಷ್ಟೋ ಜನ.

ಜಿಮ್‌ಗೆ ಸೇರುವುದಾದರೆ ತಿಂಗಳ ಲೆಕ್ಕದಲ್ಲಿ ಕಟ್ಟಿ, ತುಸು ದುಬಾರಿಯಾದರೂ ಸರಿ. ವರ್ಷದ ರಿಯಾಯಿತಿ ಲಾಭವಾಗುವುದು ಜಿಮ್‌ನವರಿಗೆ. ಸೊಂಟಕ್ಕೆ ಕಟ್ಟಿಕೊಂಡು ಬೊಜ್ಜು ಕರಗಿಸುವ ಬೆವರಿನ ಬೆಲ್ಟ್‌ಗಳನ್ನು ಮುಟ್ಟಲೇಬೇಡಿ. ಇಳಿಯುವುದು ನೀರಿನ ತೂಕ, ಎರಡು ಲೋಟ ನೀರು ಕುಡಿದರೆ ವಾಪಸು.

ಹಂತ 6: ಹೊಟ್ಟೆ

ಸಂಜೆಯ ವ್ಯಾಯಾಮವನ್ನು ಕೊಲ್ಲುವುದು ಹಸಿವು. ಐದು ಗಂಟೆಗೆ ಎರಡು ಏಲಕ್ಕಿ ಬಾಳೆಹಣ್ಣು ಅಥವಾ ಒಂದು ಹಿಡಿ ಹುರಿಗಡಲೆ ತಿನ್ನಿ. ತಿನ್ನದಿದ್ದರೆ ಆರೂವರೆಗೆ ಮೆಣಸಿನಕಾಯಿ ಬಜ್ಜಿಯ ಗಾಡಿಯ ಮುಂದೆ ನಿಂತಿರುತ್ತೀರಿ.

ಹಂತ 7: ಮಳೆಗೆ ಬದಲಿ

ಏಪ್ರಿಲ್–ಮೇ ತಿಂಗಳಲ್ಲೂ ಸೆಪ್ಟೆಂಬರ್–ಅಕ್ಟೋಬರಿನಲ್ಲೂ ಬೆಂಗಳೂರಿನ ಮಳೆಗೆ ಸಂಜೆಯೇ ಇಷ್ಟ. ಅಂಥ ದಿನ ಆಫೀಸಿನ ಮೆಟ್ಟಿಲು ಹತ್ತು ನಿಮಿಷ ಹತ್ತಿಳಿಯಿರಿ. ಅದೂ ಆಗದಿದ್ದರೆ ಮಾತ್ರ ಮನೆಯಲ್ಲಿ ಹನ್ನೆರಡು ಸೂರ್ಯ ನಮಸ್ಕಾರ, ಅದೂ ಬಟ್ಟೆ ಬದಲಿಸುವ ಮೊದಲು, ಸೋಫಾದ ಮೇಲೆ ಕೂರದೆ.

ಹಂತ 8: ಡಾಕ್ಟರು

ಪಟ್ಟಿಯಲ್ಲಿ ಕೊನೆಗಿದ್ದರೂ ಬಿಪಿ, ಶುಗರ್, ಹೃದಯದ ತೊಂದರೆ ಇರುವವರಿಗೂ, ವರ್ಷಗಳಿಂದ ಮೈ ಬಗ್ಗಿಸದ ನಲವತ್ತು ದಾಟಿದವರಿಗೂ ಇದೇ ಮೊದಲನೆಯ ಹಂತ. ನಡೆಯುವಾಗ ಎದೆ ಬಿಗಿದರೆ, ನೋವು ಭುಜಕ್ಕೋ ದವಡೆಗೋ ಹರಿದರೆ ‘ಗ್ಯಾಸ್ಟ್ರಿಕ್ಕು’ ಎಂದು ಸೋಡಾ ಕುಡಿದು ಮುಂದುವರಿಯಬೇಡಿ, ಅಲ್ಲೇ ನಿಂತು ಆಸ್ಪತ್ರೆಗೆ ಹೋಗಿ. ಇನ್ಸುಲಿನ್ ತೆಗೆದುಕೊಳ್ಳುವವರು ಮತ್ತು ಶುಗರ್ ಇಳಿಸುವ ಮಾತ್ರೆ ನುಂಗುವವರು ಸಂಜೆಯ ನಡಿಗೆಗೆ ಮುಂಚೆ ಔಷಧಿಯ ಹೊತ್ತು ಬದಲಿಸಬೇಕೇ ಎಂದು ಡಾಕ್ಟರನ್ನು ಕೇಳಿಕೊಳ್ಳಿ. ಜೇಬಿನಲ್ಲಿ ಗ್ಲೂಕೋಸ್ ಪುಡಿಯೋ ಸಕ್ಕರೆ ಪೊಟ್ಟಣವೋ ಇರಲಿ. ಕೈ ನಡುಗಿ, ಬೆವರು ಬಂದು, ಕಣ್ಣು ಮಂಜಾದರೆ ಮೊದಲು ಅದನ್ನು ಬಾಯಿಗೆ ಹಾಕಿಕೊಂಡು ಕೂತುಬಿಡಿ.