ಕೋವಿ ಗಾಯದ ಎಂಎಲ್‌ಸಿ: ನಮ್ಮಲ್ಲಿ ಕೊನೆಗೂ ನಿಂತ ಪದ್ಧತಿ

ಕೋವಿ ಗಾಯಕ್ಕೆಲ್ಲ ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸು, ಅಂದರೆ ಪೊಲೀಸರಿಗೆ ತಿಳಿಸುವ ಗಾಯದ ದಾಖಲೆ) ಮಾಡಿ ಠಾಣೆಗೆ ಕಳಿಸುತ್ತಾ ಕೂತರೆ ನರ್ಸಿಂಗ್ ಹೋಂಗೆ ಬೀಗ ಹಾಕಬೇಕಾಗುತ್ತದೆ ಅಂತ ನಮ್ಮ ಪಾಲುದಾರರೇ ಹೇಳಿದ್ದರು. ಏಳೆಂಟು ವರ್ಷ ಆಯ್ತು, ಬೀಗ ಬಿದ್ದಿಲ್ಲ. ಆಗ ನಕ್ಕಿದ್ದ ಪಕ್ಕದ ತಾಲ್ಲೂಕಿನ ಡಾಕ್ಟರೊಬ್ಬರು ಹೋದ ತಿಂಗಳು ನಮ್ಮ ಫಾರಂ ಕೇಳಿ ಫೋನ್ ಮಾಡಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ತೋಟಕ್ಕೆ ಹಂದಿ ನುಗ್ಗುತ್ತದೆ. ರಾತ್ರಿ ಕಾಯಲು ಹೋಗುತ್ತಾರೆ. ಪೊದೆ ಅಲುಗಾಡಿತು ಅಂತ ಈಡು ಹೊಡೆದರೆ ಅದು ತಮ್ಮನ ತೊಡೆ. ಬೇಲಿ ದಾಟುವಾಗ ಕೋವಿಯ ಕುದುರೆ (ಟ್ರಿಗರ್) ಎಳೆದು ಪಾದಕ್ಕೇ ಹೊಡೆದುಕೊಂಡವರೂ ಇದ್ದಾರೆ. ಕೊಲೆ ಯತ್ನ ಬಹಳ ಕಡಿಮೆ. ಆದರೂ ಮುಚ್ಚಿಡುತ್ತಾರೆ. ಕೋವಿಗೆ ಲೈಸೆನ್ಸ್ ಇರುವುದಿಲ್ಲ, ಇದ್ದರೆ ಅದು ಸತ್ತುಹೋದ ಅಜ್ಜನ ಹೆಸರಲ್ಲಿರುತ್ತದೆ. ಹಂದಿಗೆ ಹೊಡೆದದ್ದು ಅಂತಾದರೆ ಅರಣ್ಯ ಇಲಾಖೆಯವರ ಭಯ ಬೇರೆ. ಕೊಡಗಿನ ಕಡೆಯಿಂದ ಬಂದವರು ‘ನಮಗೆ ಲೈಸೆನ್ಸೇ ಬೇಡ, ನಿಮಗ್ಯಾಕೆ ಸಾರ್ ಪೊಲೀಸು?’ ಅಂತ ವಾದಕ್ಕೆ ನಿಲ್ಲುತ್ತಾರೆ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ವಿನಾಯಿತಿ ಇರುವುದು ನಿಜ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ಗಾಯವಾಗಿ ನನ್ನ ಟೇಬಲ್ ಮೇಲೆ ಮಲಗಿದರೆ ಅವರಿಗೂ ಎಂಎಲ್‌ಸಿಯೇ.

ಮೊದಮೊದಲು ಠಾಣೆಗೆ ಫೋನ್ ಮಾಡುತ್ತಿದ್ದೆವು. ‘ಆಯ್ತು ಸಾರ್, ಕಳಿಸ್ತೀವಿ’ ಅನ್ನುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಬೆಳಗ್ಗೆ ರೋಗಿ ಹೇಳದೆ ಕೇಳದೆ ಹೋಗಿರುತ್ತಿದ್ದ. ಮೂರು ತಿಂಗಳಾದ ಮೇಲೆ ‘ನೀವು ತಿಳಿಸಲೇ ಇಲ್ಲವಲ್ಲ’ ಅಂತ ನಮಗೇ ನೋಟಿಸು. ಆಮೇಲೆ ವಾರ್ಡ್ ಬಾಯ್ ಕೈಲಿ ಮೆಮೊ (ಗಾಯದ ವಿಷಯ ತಿಳಿಸುವ ಚೀಟಿ) ಕಳಿಸಿದೆವು. ಅಲ್ಲಿ ‘ಘಟನೆ ನಮ್ಮ ಸರಹದ್ದಿನದಲ್ಲ’ ಅಂತ ಸಹಿ ಹಾಕದೆ ವಾಪಸ್ ಕಳಿಸುತ್ತಿದ್ದರು. ಹುಡುಗ ಮಧ್ಯರಾತ್ರಿವರೆಗೆ ಠಾಣೆ ಬೆಂಚಿನ ಮೇಲೆ ಕೂತಿರುತ್ತಿದ್ದ. ಪೆಟ್ರೋಲು, ಊಟ, ಓವರ್‌ಟೈಮ್ ಎಲ್ಲ ಸೇರಿ ಒಂದು ಮೆಮೊಗೆ ಮುನ್ನೂರು ರೂಪಾಯಿ ಹತ್ತಿರ ಹೋಗುತ್ತಿತ್ತು. ವಾಟ್ಸ್ಆ್ಯಪ್ ಗುಂಪು ಚೆನ್ನಾಗಿ ನಡೆಯಿತು, ಠಾಣೆಯ ಸಾಹೇಬರ ವರ್ಗಾವಣೆ ಆಗುವವರೆಗೆ. ಅಷ್ಟರಲ್ಲಿ ಒಬ್ಬ ರೋಗಿಯ ಗಾಯದ ಫೋಟೊ ಊರೆಲ್ಲ ಸುತ್ತಿತ್ತು. ಗುಂಪು ಮುಚ್ಚಿದೆವು.

ಈಗಿನ ಪದ್ಧತಿಯಲ್ಲಿ ಹೊಸದು ಅಂದರೆ ಹೊತ್ತು ಮಾತ್ರ. ಎಕ್ಸ್‌ರೇಗೆ ಮೊದಲೇ ಮೆಮೊ ಹೊರಟಿರಬೇಕು. ಯಾಕೆಂದರೆ ಎಕ್ಸ್‌ರೇಯಲ್ಲಿ ಚರೆ (ಕೋವಿಯ ಸಣ್ಣ ಗುಂಡು) ಕಂಡ ಮೇಲೆ ನಮಗೆ ಫೋನು ಬರಲು ಶುರುವಾಗುತ್ತದೆ. ಪಂಚಾಯ್ತಿ ಸದಸ್ಯರು, ಪ್ಲಾಂಟರು, ನಮ್ಮದೇ ಮಾವನವರ ಸ್ನೇಹಿತರು. ‘ಡಾಕ್ಟ್ರೇ, ಇದೊಂದು ಬರೀಬೇಡಿ.’ ‘ಆಗಲೇ ಹೋಯ್ತಲ್ಲ’ ಅಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಬರೆಯುವುದೂ ನಾನಲ್ಲ, ಡ್ಯೂಟಿ ಸಿಸ್ಟರ್. ನಾನು ರಕ್ತ ನಿಲ್ಲಿಸುತ್ತಿರುತ್ತೇನೆ, ಅವರು ಮೇಲಿನ ಅರ್ಧ ತುಂಬುತ್ತಾರೆ, ಕೈ ತೊಳೆದು ನಾನು ಸಹಿ ಹಾಕುತ್ತೇನೆ. ಚಿಕಿತ್ಸೆ ಮೊದಲು, ಕಾಗದ ಆಮೇಲೆ ಅಂತ ಪರಮಾನಂದ ಕಟಾರಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಇಬ್ಬರು ಇದ್ದರೆ ಎರಡೂ ಒಟ್ಟಿಗೇ ಆಗುತ್ತದೆ.

ಪುಸ್ತಕ ಮೂರು ಪ್ರತಿಯದು, ಕಾರ್ಬನ್, ಪುಟಕ್ಕೆ ನಂಬರ್ ಹಾಕಿದ್ದು. ಹತ್ತು ಪುಸ್ತಕಕ್ಕೆ ನಾಲ್ಕು ಸಾವಿರದ ಆಸುಪಾಸು ಆಯ್ತು. ಮೊದಲ ಸಲ ಐಪಿಸಿ, ಸಿಆರ್‌ಪಿಸಿ ಅಂತೆಲ್ಲ ಚೆಂದವಾಗಿ ಅಚ್ಚು ಹಾಕಿಸಿದ್ದೆವು. 2024ರ ಜುಲೈ 1ಕ್ಕೆ ಆ ಕಾನೂನುಗಳ ಬದಲಿಗೆ ಬಿಎನ್‌ಎಸ್, ಬಿಎನ್‌ಎಸ್‌ಎಸ್ ಬಂತು, ಅರ್ಧ ಪುಸ್ತಕ ರದ್ದಿಗೆ ಹೋಯ್ತು. ಈಗ ಯಾವ ಸೆಕ್ಷನ್ನೂ ಇಲ್ಲ. ಬಂದ ಸಮಯ, ಕರೆತಂದವರ ಹೆಸರು, ಅವರು ಹೇಳಿದ್ದು, ಗಾಯ ಎಲ್ಲಿದೆ, ಅಷ್ಟೇ. ‘ಕಬ್ಬಿಣದ ಸರಳು ಚುಚ್ಚಿತು’ ಅಂದರೆ ಅದನ್ನೇ ಬರೆಯುತ್ತೇವೆ. ಜಗಳ ಆಡುವುದಿಲ್ಲ. ಎಕ್ಸ್‌ರೇ ಬಂದ ಮೇಲೆ ಹೊಸ ಸಮಯ ಹಾಕಿ ಕೆಳಗೆ ಇನ್ನೊಂದು ಸಾಲು. ಹಳೆಯ ಸಾಲಿನ ಮೇಲೆ ತಿದ್ದುವಂತಿಲ್ಲ.

ಮೆಮೊವನ್ನು ಸ್ಕ್ಯಾನ್ ಮಾಡಿ ಠಾಣೆಯ ಇಮೇಲ್‌ಗೆ ಹಾಕಿ, ಎಸ್‌ಪಿ ಕಚೇರಿಗೂ ಒಂದು ಪ್ರತಿ. ಆಮೇಲೆ ಒಂದೇ ಒಂದು ಫೋನು: ‘ಸ್ಟೇಷನ್ ಹೌಸ್ ಡೈರಿ ನಂಬರ್ ಹೇಳಿ ಸಾರ್.’ ಠಾಣೆಯ ದಿನಚರಿಯಲ್ಲಿ ನಮ್ಮ ಮೆಮೊ ದಾಖಲಾದ ಆ ನಂಬರ್ ನಮ್ಮ ಪುಸ್ತಕಕ್ಕೆ ಏರಿದರೆ ಕೆಲಸ ಮುಗಿಯಿತು. ನಂಬರ್ ಕೊಡಲು ಸತಾಯಿಸಿದರೆ ನಾವು ಒಂದು ಉಪಾಯ ಮಾಡುತ್ತೇವೆ. ಇಲ್ಲಿ ಬರೆಯುವುದಿಲ್ಲ, ಠಾಣೆಯವರೂ ಓದುತ್ತಾರಲ್ವಾ.

ಗಾಯಾಳುವಿನ ಬಟ್ಟೆಯದ್ದು ದೊಡ್ಡ ಕಥೆ. ಗುಂಡಿನ ತೂತಿನ ಮೇಲೆ ಕತ್ತರಿ ಹಾಕಬಾರದು, ಒಣಗಿಸಿ ಕಾಗದದ ಕವರಿನಲ್ಲಿ ಸೀಲ್ ಮಾಡಬೇಕು, ಇದು ನಿಮಗೆ ಗೊತ್ತಿದೆ. ಆದರೆ ಜುಲೈ ತಿಂಗಳಲ್ಲಿ ನಮ್ಮೂರಲ್ಲಿ ಏನು ಒಣಗುತ್ತದೆ? ಮೊದಲು ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟಾಗ ಪೊಲೀಸರು ಒಯ್ಯುವಷ್ಟರಲ್ಲಿ ಬೂಸ್ಟು ಹಿಡಿಯುತ್ತಿತ್ತು. ಅಂಥದ್ದನ್ನು ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಎಫ್‌ಎಸ್‌ಎಲ್‌ಗೆ ಕಳಿಸಿ ಏನು ಪ್ರಯೋಜನ? ಹಳೆಯ ಸ್ಟೋರ್ ರೂಮಿನಲ್ಲಿ ಹಗ್ಗ ಕಟ್ಟಿ ಫ್ಯಾನ್ ಹಾಕಿದೆವು, ಆಗಲಿಲ್ಲ. ಬಲ್ಬ್ ಹಚ್ಚಿಟ್ಟೆವು, ಸಿಸ್ಟರ್ ಬೆಂಕಿ ಹತ್ತುತ್ತದೆ ಅಂತ ಆರಿಸಿದರು. ಕೊನೆಗೆ ಗಾಳಿಯ ತೇವ ಹೀರುವ ಮೆಷಿನ್ ತಂದೆ. ಹನ್ನೆರಡೋ ಹದಿಮೂರೋ ಸಾವಿರ. ಪಾಲುದಾರರು ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಈಗ ಅವರ ಕ್ಯಾಮೆರಾವೂ ಅದೇ ರೂಮಿನಲ್ಲಿದೆ.

ಚರೆ ತೆಗೆಯುವಾಗ ಫೋರ್ಸೆಪ್ಸ್ ತುದಿಗೆ ರಬ್ಬರ್ ಕ್ಯಾತಿಟರಿನ ತುಂಡು ಸಿಕ್ಕಿಸುತ್ತೇನೆ, ಗೀರು ಬೀಳುವುದಿಲ್ಲ. ಸುಮ್ನೆ ಕುತೂಹಲಕ್ಕೆ, ಚರೆ ಡಬ್ಬಿಗೆ ಹೊರಗಿನಿಂದ ಒಂದು ಅಯಸ್ಕಾಂತ ಹಿಡಿದು ನೋಡುವ ಚಟ ಅಂಟಿತು. ಸೀಸ ಅಲುಗಾಡುವುದಿಲ್ಲ. ಆದರೆ ನಾಡಕೋವಿಗೆ ಕೆಲವರು ಸೈಕಲ್ ಬಾಲ್ಸು, ಮೊಳೆ ಚೂರು ತುಂಬಿರುತ್ತಾರೆ. ಅವು ಎದ್ದು ಬಂದು ಡಬ್ಬಿಗೆ ಅಂಟುತ್ತವೆ. ಆಟಕ್ಕೆ ಶುರು ಮಾಡಿದ್ದು ಉಪಯೋಗಕ್ಕೆ ಬಂತು: ಒಳಗೆ ಇನ್ನೂ ಚೂರು ಉಳಿದಿರುವ ರೋಗಿಯ ಚೀಟಿ ಮೇಲೆ ‘ಕಬ್ಬಿಣ, ಎಂಆರ್‌ಐ ಬೇಡ’ ಅಂತ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಅಳತೆಯನ್ನೂ ನೋಡುತ್ತೇನೆ. ಎಲ್‌ಜಿ ತೋಟಾದ (ಕೋವಿಗೆ ತುಂಬುವ ಕಾರ್ಟ್ರಿಜ್) ಗುಂಡು 9 ಮಿ.ಮೀ. ಹತ್ತಿರ ಇರುತ್ತದೆ. ಆದರೆ ಯಾವ ತೋಟಾ ಅಂತ ನಾನು ಬರೆಯುವುದಿಲ್ಲ, ಅಳತೆ ಮಾತ್ರ. ತೋಟಾ ಹೇಳುವುದು ಎಫ್‌ಎಸ್‌ಎಲ್‌ನವರ ಕೆಲಸ.

ದುಡ್ಡಿನ ಮಾತು. ಮೊದಲ ವರ್ಷ ಕೆಲವರು ಗೇಟಿನಲ್ಲೇ ಗಾಡಿ ತಿರುಗಿಸಿದರು. ಲಕ್ಷ, ಒಂದೂವರೆ ಲಕ್ಷದ ಬಿಲ್ಲು ಕೈತಪ್ಪಿರಬಹುದು. ಎರಡನೇ ವರ್ಷದ ಹೊತ್ತಿಗೆ ಪೊಲೀಸರೇ ಗಾಯಾಳುಗಳನ್ನು ನಮ್ಮಲ್ಲಿಗೆ ಕಳಿಸತೊಡಗಿದರು, ಕಾಗದ ಸರಿ ಇರುತ್ತದೆ ಅಂತ. ಸಾಕ್ಷಿ ಹೇಳಲು ಕೋರ್ಟಿಗೆ ಹೋದ ದಿನ ಒಪಿಯಲ್ಲಿ (ಹೊರರೋಗಿ ವಿಭಾಗ) ಎಂಟು ಹತ್ತು ಸಾವಿರ ನಷ್ಟ, ಬತ್ತೆ ಪೆಟ್ರೋಲಿಗೂ ಸಾಲುವುದಿಲ್ಲ. ಆದರೆ ಮೊದಲು ಅರ್ಧ ದಿನ ಕಟಕಟೆಯಲ್ಲಿ ನಿಲ್ಲಿಸುತ್ತಿದ್ದ ವಕೀಲರು ಕಾರ್ಬನ್ ಪ್ರತಿ, ಡೈರಿ ನಂಬರ್ ನೋಡಿ ಇಪ್ಪತ್ತು ನಿಮಿಷಕ್ಕೆ ಬಿಡುತ್ತಾರೆ. ಈ ಪುಸ್ತಕ ಬಂದ ಮೇಲೆ ನಾನು ಕೊಟ್ಟ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ಒಂದೂ ವಾಪಸ್ ಬಂದಿಲ್ಲ. ಜಂಬ ಅಂದುಕೊಳ್ಳಿ, ಪರವಾಗಿಲ್ಲ.

ರೆಫರ್ ಕೇಸು ಮಾತ್ರ ಇನ್ನೂ ಕಿರಿಕಿರಿ. ಮಂಗಳೂರಿಗೋ ಮೈಸೂರಿಗೋ ಕಳಿಸುವಾಗ ‘ಅಲ್ಲಿ ಮಾಡ್ತಾರೆ ಬಿಡಿ’ ಅಂತ ಇಲ್ಲಿಯವರು, ‘ಮೊದಲು ನೋಡಿದವರು ಮಾಡಿರ್ತಾರೆ’ ಅಂತ ಅಲ್ಲಿಯವರು. ನಾವು ಆಂಬುಲೆನ್ಸ್ ಹತ್ತಿಸುವ ಮೊದಲೇ ಮೆಮೊ ಕಳಿಸಿ, ಪುಸ್ತಕದ ಹಳದಿ ಪ್ರತಿಯನ್ನು ರೆಫರಲ್ ಚೀಟಿಗೆ ಪಿನ್ ಮಾಡುತ್ತೇವೆ. ಅಲ್ಲಿ ಅವರು ಇನ್ನೊಂದು ನಂಬರ್ ಕೊಡುತ್ತಾರೆ. ಒಂದೇ ಗಾಯಕ್ಕೆ ಎರಡು ಮೆಮೊ ಬಂತು ಅಂತ ಠಾಣೆಯವರು ಗೊಣಗುತ್ತಾರೆ. ಗೊಣಗಲಿ.