ಪವರ್ ವೀಡರ್ ಸ್ಟಾರ್ಟ್ ಆಗದಿದ್ದಾಗ

ರಾಯಚೂರು ಸೀಮೆಯ ಹತ್ತಿ ಹೊಲದಲ್ಲಿ ಎಡೆ ಹೊಡೆದು ಮೂಲೆ ಸೇರಿದ ಪೆಟ್ರೋಲ್ ಪವರ್ ವೀಡರ್ (ಕಳೆ ತೆಗೆಯುವ ಯಂತ್ರ), ಮರುವರ್ಷ ಹತ್ತಾರು ಸಲ ಹಗ್ಗ ಎಳೆದರೂ ಸ್ಟಾರ್ಟ್ ಆಗದಿದ್ದರೆ, ಮೊದಲು ಟ್ಯಾಂಕಿನ ಹಳೆಯ ಪೆಟ್ರೋಲನ್ನೇ ಅನುಮಾನಿಸಬೇಕು. ಅದನ್ನು ಪೂರ್ತಿ ಬಸಿದು ಹೊಸದನ್ನು ತುಂಬಿರಿ. ಎಂಜಿನ್ ಆಯಿಲ್ ಮಟ್ಟವನ್ನೂ ನೋಡಿರಿ. ಅದು ಕಡಿಮೆಯಾದರೆ ಕೆಲವು ಎಂಜಿನ್‌ಗಳ ಸೆನ್ಸರ್ ಕಿಡಿಯನ್ನೇ ತಡೆಯುತ್ತದೆ.

ಬಳಿಕ ಸ್ಪಾರ್ಕ್ ಪ್ಲಗ್ ಬಿಚ್ಚಿರಿ. ತುದಿ ಹಸಿಯಾಗಿದ್ದರೆ, ಗಾಳಿ ತಡೆಯುವ ಚೋಕ್ ಅನ್ನು ಹೆಚ್ಚು ಬಳಸಿದ್ದರಿಂದ ಸಿಲಿಂಡರಿನಲ್ಲಿ ಅತಿಯಾಗಿ ಪೆಟ್ರೋಲ್ ತುಂಬಿಕೊಂಡಿರಬಹುದು. ಪ್ಲಗ್ ಒರೆಸಿ, ಒಣಗಿಸಿ ಹಾಕಿದರೆ ಸಾಕು. ಒಣಗಿದ್ದರೆ ಪೆಟ್ರೋಲ್ ಸಿಲಿಂಡರಿಗೆ ತಲುಪುತ್ತಿಲ್ಲವೆಂದರ್ಥ. ಆಗ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್‌ನ ಬಟ್ಟಲನ್ನು ಬಿಚ್ಚಿದರೆ ತಳದಲ್ಲಿ ಬೆಲ್ಲದ ಪಾಕದಂಥ ಕಂದು ಅಂಟು ಕಾಣುವುದೇ ಹೆಚ್ಚು. ಅದರೊಳಗೆ ಪೆಟ್ರೋಲ್ ಹಾಯುವ ಜೆಟ್‌ನ ಸಣ್ಣ ರಂಧ್ರವನ್ನು ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ತೊಳೆಯಬೇಕೇ ಹೊರತು, ನಮ್ಮಲ್ಲಿ ಹಲವರು ಮಾಡುವಂತೆ ಸೂಜಿಯಿಂದ ಚುಚ್ಚಬಾರದು, ರಂಧ್ರ ಹಿಗ್ಗುತ್ತದೆ. ಎರೆಮಣ್ಣಿನ ಧೂಳು ಕಟ್ಟಿದ ಏರ್ ಫಿಲ್ಟರನ್ನೂ ಮರೆಯದೆ ಸ್ವಚ್ಛಗೊಳಿಸಿರಿ.